78 ವಯಸ್ಸಿಗೆ ಕ್ಯಾಪ್ಸೂಲ್ ಎಂಡೋಸ್ಕೋಪಿ ಮಾಡಿಸಬಹುದಾ?

ನಿಮ್ಮ ತಾಯಿಗೆ 78 ವರ್ಷ, ರಕ್ತ ಕೊಡಿಸಿದರೂ ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತಿದೆ, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ನಾರ್ಮಲ್, ಈಗ ಕ್ಯಾಪ್ಸೂಲ್, ಅಂದರೆ ಒಳಗೆ ಪುಟ್ಟ ಕ್ಯಾಮೆರಾ ಇರುವ ಗುಳಿಗೆ, ನುಂಗಿಸಲಾ ಬೇಡವಾ ಅಂತ ಕೇಳಿದ್ದೀರಿ. ನಮ್ಮ ಅಪ್ಪನಿಗೆ 81ರಲ್ಲಿ ಇದೇ ಆಗಿತ್ತು. ಡಾಕ್ಟರೇ ಹೇಳಿದ್ದರೆ ವಯಸ್ಸು ನೋಡಿ ಹಿಂಜರಿಯಬೇಡಿ.

ಬಾಯಿಂದ ಹಾಕುವ ಟ್ಯೂಬು ಸಣ್ಣ ಕರುಳಿನ ಶುರುವಿಗಷ್ಟೇ ಹೋಗುತ್ತದೆ, ಕೆಳಗಿನಿಂದ ಹಾಕುವುದು ಕೊನೆಯ ತುದಿಗೆ. ನಡುವಿನ ಅಷ್ಟೂ ಮೀಟರ್ ಕರುಳನ್ನು ಇನ್ನೂ ಯಾರೂ ನೋಡಿಲ್ಲ. ವಯಸ್ಸಾದವರಲ್ಲಿ ಅಲ್ಲಿ ರಕ್ತ ಸೋರಲು ಮುಖ್ಯ ಕಾರಣ ಕರುಳಿನ ಗೋಡೆಯ ದುರ್ಬಲ ರಕ್ತನಾಳಗಳು. ಮಂಡಿನೋವಿನ ಮಾತ್ರೆಯಿಂದಾಗುವ ಹುಣ್ಣೂ ಇರಬಹುದು.

ಕ್ಯಾಪ್ಸೂಲ್ ಸುಮಾರು 26 ಮಿಲಿಮೀಟರ್ ಉದ್ದ. ಸೊಂಟಕ್ಕೆ ರೆಕಾರ್ಡರ್ ಕಟ್ಟುತ್ತಾರೆ, ಮಂಪರು ಬರಿಸುವ ಇಂಜೆಕ್ಷನ್ ಬೇಕಿಲ್ಲ. ಅಪ್ಪ ಸಲೀಸಾಗಿ ನುಂಗಿದರು. ಆದರೆ ಅವರಿಗೆ ಹಳೇ ಸಕ್ಕರೆ ಕಾಯಿಲೆ, ಹೊಟ್ಟೆ ಖಾಲಿಯಾಗುವುದೇ ನಿಧಾನ. ರೆಕಾರ್ಡರಿನ ದೀಪ ಮಿಣುಕುತ್ತಲೇ ಇತ್ತು, ನಾವೂ ಎಲ್ಲಾ ಸರಿಯಿದೆ ಅಂದುಕೊಂಡೆವು. ಕ್ಯಾಪ್ಸೂಲ್ ಇಡೀ ದಿನ ಹೊಟ್ಟೆಯಲ್ಲೇ ಕೂತಿತ್ತು, ಸಣ್ಣ ಕರುಳಿಗೆ ಇಳಿದೇ ಇರಲಿಲ್ಲ! ನಡುವೆ ಯಾರೂ ನೋಡಿರಲಿಲ್ಲ. ಆ ವಯಸ್ಸಲ್ಲಿ ಅವರ ಉಪವಾಸವೆಲ್ಲಾ ದಂಡವಾಯಿತಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ. ಎರಡನೇ ಸಲ ಎಂಡೋಸ್ಕೋಪ್ ಮೂಲಕ ನೇರ ಸಣ್ಣ ಕರುಳಿಗೇ ಬಿಟ್ಟರು. ಅದಕ್ಕೇ ಹೇಳುತ್ತೇನೆ, ನುಂಗಿದ ಒಂದು ಗಂಟೆಗೆ "ಹೊಟ್ಟೆ ದಾಟಿದೆಯಾ, ನೋಡ್ತೀರಾ?" ಅಂತ ನೀವೇ ಕೇಳಿ. ಮಾನಿಟರಿನಲ್ಲಿ ಆಗಲೇ ನೋಡಬಹುದು.

ಅಮ್ಮನಿಗೆ ನುಂಗುವಾಗ ಕೆಮ್ಮು ಬರುತ್ತಾ, ಹಿಂದೆ ಹೊಟ್ಟೆ ಆಪರೇಷನ್ ಆಗಿತ್ತಾ, ನೋವಿನ ಮಾತ್ರೆ ವರ್ಷಗಟ್ಟಲೆ ತಗೊಂಡಿದ್ದಾರಾ, ಎಲ್ಲವನ್ನೂ ಮೊದಲೇ ಹೇಳಿಬಿಡಿ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಕ್ಯಾಪ್ಸೂಲ್ ಸಿಕ್ಕಿಕೊಳ್ಳಬಹುದು. ಆ ಅನುಮಾನ ಇದ್ದರೆ ಮೊದಲು ಕರಗುವ ಕ್ಯಾಪ್ಸೂಲ್ ಕೊಟ್ಟು ದಾರಿ ನೋಡುತ್ತಾರೆ. ಕಬ್ಬಿಣದ ಮಾತ್ರೆ ಕೆಲವು ದಿನ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಕರುಳೆಲ್ಲಾ ಕಪ್ಪಾಗಿ ಚಿತ್ರ ಕಾಣಲ್ಲ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಇನ್ನೊಂದು, ಕ್ಯಾಪ್ಸೂಲ್ ತೋರಿಸುತ್ತದೆ ಅಷ್ಟೇ, ವಾಸಿ ಮಾಡಲ್ಲ. ಅಪ್ಪನ ಕರುಳಲ್ಲಿ ಮೂರು ಕೆಂಪು ಚುಕ್ಕೆ ಕಂಡವು. ಆಮೇಲೆ ಮಂಪರು ಬರಿಸಿ, ಬಲೂನ್ ಎಂಟರೋಸ್ಕೋಪಿಯಲ್ಲಿ (ಬಲೂನ್ ಇರುವ ಉದ್ದ ಟ್ಯೂಬನ್ನು ಸಣ್ಣ ಕರುಳಿನ ಆಳಕ್ಕೆ ಬಿಡುವುದು) ಅವನ್ನು ಸುಟ್ಟರು. ಹೃದಯ, ಶ್ವಾಸಕೋಶ ಹೇಗಿದೆ ಅಂತ ಜಾಸ್ತಿ ಯೋಚಿಸಬೇಕಾದ್ದು ಆ ಹಂತದಲ್ಲಿ. ಸುಟ್ಟ ಮೇಲೂ ಬೇರೆ ಕಡೆ ಮತ್ತೆ ಸೋರಬಹುದು, ಹಾಗಾಗಿ ಅಪ್ಪನಿಗೆ ಈಗಲೂ ಹಿಮೋಗ್ಲೋಬಿನ್ ನೋಡಿಸುತ್ತಿರುತ್ತೇವೆ.

ಕ್ಯಾಪ್ಸೂಲ್ ಮಲದಲ್ಲಿ ಹೊರಬಂತಾ ಅಂತ ತಪ್ಪದೆ ಗಮನಿಸಿ. ಎರಡು ವಾರವಾದರೂ ಕಾಣದಿದ್ದರೆ ಎಕ್ಸ್‌ರೇ ತೆಗೆಸಿ. ಅದು ಹೊರಬಂದಿದೆ ಅಂತ ಗೊತ್ತಾಗುವವರೆಗೂ ಅಮ್ಮನಿಗೆ ಎಂಆರ್‌ಐ ಮಾಡಿಸಬೇಡಿ.