ಓದುಗರ ಪ್ರಶ್ನೆ: ಎರಡನೆಯ ಪ್ರತಿ ಎಲ್ಲಿರಬೇಕು?

ಪ್ರಶ್ನೆ: ಜಯನಗರದಲ್ಲಿ ಪ್ರಧಾನ ಕಚೇರಿಯಿರುವ ಸೌಹಾರ್ದ ಸಹಕಾರಿಯೊಂದರ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಸರ್ವರ್‌ಗಳು ವೈಟ್‌ಫೀಲ್ಡ್‌ನ ಬಾಡಿಗೆ ಡೇಟಾ ಸೆಂಟರ್‌ನಲ್ಲಿವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ಸ್ಟೋರೇಜ್ ಇಟ್ಟು ಸಿಂಕ್ರೊನಸ್ ರೆಪ್ಲಿಕೇಶನ್ ಮಾಡಿದರೆ ಒಂದು ವ್ಯವಹಾರವೂ ಕಳೆದುಹೋಗದು, ಬ್ಯಾಕಪ್ ಕೂಡ ನಿಲ್ಲಿಸಬಹುದು ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಆಡಳಿತ ಮಂಡಳಿಯ ಕೆಲವರು ಎರಡನೆಯ ಪ್ರತಿ ಹೈದರಾಬಾದ್‌ನಲ್ಲಿರುವುದೇ ಮೇಲು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಆದರೆ ಅವು ಎರಡು ಬೇರೆ ಬೇರೆ ಅಪಾಯಗಳಿಗೆ ಉತ್ತರ. ಬ್ಯಾಕಪ್ ನಿಲ್ಲಿಸಬಹುದೆಂಬ ಮಾತನ್ನು ಮಾತ್ರ ದಯವಿಟ್ಟು ಒಪ್ಪಬೇಡಿ.

ಸಿಂಕ್ರೊನಸ್ ವಿಧಾನದಲ್ಲಿ ವೈಟ್‌ಫೀಲ್ಡ್‌ನ ಸ್ಟೋರೇಜ್ ಪ್ರತಿಯೊಂದು ಬರಹವನ್ನೂ ಎಲೆಕ್ಟ್ರಾನಿಕ್ ಸಿಟಿಗೆ ಕಳುಹಿಸಿ, ಅಲ್ಲಿಂದ ‘ಬರೆದಾಯಿತು’ ಎಂಬ ಮರುತ್ತರ ಬಂದ ಮೇಲಷ್ಟೇ ಡೇಟಾಬೇಸ್‌ಗೆ ಒಪ್ಪಿಗೆ ಕೊಡುತ್ತದೆ. ಈ ಕಾಯುವಿಕೆಯನ್ನು ನಿರ್ಧರಿಸುವುದು ದೂರ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರ್‌ಗೆ ಹೋಗಿಬರಲು 1 ಮಿಲಿಸೆಕೆಂಡ್ ಬೇಕು. ನಗರದೊಳಗೆ ಕೇಬಲ್ 40 ಕಿಲೋಮೀಟರ್ ಸುತ್ತಿ ಹೋಗುತ್ತದೆಂದುಕೊಂಡರೂ ತಗಲುವುದು 0.4 ಮಿಲಿಸೆಕೆಂಡ್. ಹೈದರಾಬಾದ್‌ಗೆ ಕೇಬಲ್ ದಾರಿ 700 ಕಿಲೋಮೀಟರ್ ಎಂದಿಟ್ಟುಕೊಂಡರೆ 7 ಮಿಲಿಸೆಕೆಂಡ್. ಒಂದು ವ್ಯವಹಾರಕ್ಕೆ ಇದು ಗೊತ್ತೇ ಆಗುವುದಿಲ್ಲ. ಆದರೆ ನಿಮ್ಮ ದಿನಾಂತ್ಯದ ಬಡ್ಡಿ ಲೆಕ್ಕ 1 ಲಕ್ಷ ಖಾತೆಗಳಿಗೆ ಒಂದರ ಹಿಂದೊಂದರಂತೆ ಬರೆಯುತ್ತಾ ಹೋದಾಗ, ನಗರದೊಳಗಿನ ಪ್ರತಿಗೆ 40 ಸೆಕೆಂಡ್ ಹೆಚ್ಚಾದರೆ ಹೈದರಾಬಾದ್‌ನ ಪ್ರತಿಗೆ 700 ಸೆಕೆಂಡ್, ಅಂದರೆ ಹೆಚ್ಚುಕಡಿಮೆ 12 ನಿಮಿಷ ಹೆಚ್ಚಾಗುತ್ತದೆ. ಸ್ವಿಚ್ ಮತ್ತು ರೌಟರ್‌ಗಳಲ್ಲಿ ಆಗುವ ವಿಳಂಬ ಬೇರೆ. ಆದ್ದರಿಂದ ಸಿಂಕ್ರೊನಸ್ ಪ್ರತಿ ಹತ್ತಿರದಲ್ಲಿರಬೇಕು, ದೂರದ ಪ್ರತಿ ಅಸಿಂಕ್ರೊನಸ್, ಅಂದರೆ ಆಚೆಯ ಮರುತ್ತರಕ್ಕೆ ಕಾಯದೆ ಕಳುಹಿಸುವಂಥದ್ದು, ಆಗಿರಬೇಕು.

ಹತ್ತಿರದ ಪ್ರತಿಯ ಕೆಲಸ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು. ಒಂದು ಸ್ಟೋರೇಜ್ ಕೆಟ್ಟರೆ, ಒಂದು ಕಟ್ಟಡದ ವಿದ್ಯುತ್ ಹೋದರೆ, ಅದು ನಿಮ್ಮನ್ನು ಕಾಪಾಡುತ್ತದೆ. ಆದರೆ ಇಡೀ ನಗರಕ್ಕೆ ಬರುವ ತೊಂದರೆಗೆ ಅದು ಉತ್ತರವಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಭಾಗಗಳು ಜಲಾವೃತವಾದದ್ದನ್ನು ನೀವು ಕಂಡಿದ್ದೀರಿ; ನಿಮ್ಮ ಎರಡು ತಾಣಗಳ ನಡುವಿನ ಪ್ರದೇಶ ಅದೇ ಅಲ್ಲವೇ? ಪ್ರತಿಗಳು ಒಂದೇ ಆವರಣದಲ್ಲಿದ್ದರಂತೂ ಅಪಾಯ ಇನ್ನೂ ಹೆಚ್ಚು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋಗಿ ಪಕ್ಕದ ಕಟ್ಟಡಕ್ಕೂ ಹಾನಿಯಾದಾಗ, ಬ್ಯಾಕಪ್‌ಗಳೂ ಅಲ್ಲೇ ಇದ್ದ ಕೆಲವು ಗ್ರಾಹಕರ ದತ್ತಾಂಶ ಸಂಪೂರ್ಣವಾಗಿ ನಾಶವಾಯಿತು. ಹೈದರಾಬಾದ್‌ನ ಪ್ರತಿ ಬೇಕಾಗುವುದು ಇಂಥ ದಿನಕ್ಕೆ.

ಅಸಿಂಕ್ರೊನಸ್ ಪ್ರತಿ ಸ್ವಲ್ಪ ಹಿಂದೆ ಇದ್ದೇ ಇರುತ್ತದೆ. ಎಷ್ಟು ಹೊತ್ತಿನ ವ್ಯವಹಾರ ಕಳೆದುಹೋದರೆ ನೀವು ತಾಳಿಕೊಳ್ಳಬಲ್ಲಿರಿ ಎಂಬುದು ಆರ್‌ಪಿಒ. ಎಷ್ಟು ಹೊತ್ತಿನಲ್ಲಿ ಕೌಂಟರ್ ಮತ್ತೆ ತೆರೆಯಬೇಕು ಎಂಬುದು ಆರ್‌ಟಿಒ. ಇವೆರಡನ್ನೂ ಮಾರಾಟಗಾರರು ಹೇಳುವುದಲ್ಲ, ನಿಮ್ಮ ಆಡಳಿತ ಮಂಡಳಿ ಬರೆದುಕೊಡಬೇಕು. ಲಿಂಕ್ ಸಣ್ಣದಾದರೆ ಕಾಗದದ ಮೇಲಿನ ಆರ್‌ಪಿಒ ನಿಲ್ಲುವುದಿಲ್ಲ. ಬೆಳಗಿನ ಭರಾಟೆಯಲ್ಲಿ ಸೆಕೆಂಡಿಗೆ 20 ಎಂಬಿ (ಮೆಗಾಬೈಟ್) ದತ್ತಾಂಶ ಬದಲಾಗುತ್ತಿದ್ದರೆ ಬೇಕಾಗುವುದು 160 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; 1 ಬೈಟ್ ಎಂದರೆ 8 ಬಿಟ್). ನೀವು ಪಡೆದಿರುವುದು 100 ಎಂಬಿಪಿಎಸ್ ಆದರೆ, ಒಂದು ಗಂಟೆಯಲ್ಲಿ ಸುಮಾರು 27 ಜಿಬಿ ಬಾಕಿ ಉಳಿಯುತ್ತದೆ. ಬದಲಾವಣೆ ಪೂರ್ತಿ ನಿಂತರೂ ಅದು ತೀರಲು 36 ನಿಮಿಷ ಬೇಕು. ಆದ್ದರಿಂದ ದಿನದ ಸರಾಸರಿಯನ್ನು ಬಿಟ್ಟು ಅತಿ ಹೆಚ್ಚು ಕೆಲಸದ ಗಂಟೆಯನ್ನು ಅಳೆದು ಲಿಂಕ್ ಕೊಳ್ಳಿ. ಡೇಟಾಬೇಸ್‌ನ ಕಡತಗಳೂ ಅದರ ಲಾಗ್ (ಬದಲಾವಣೆಗಳ ದಾಖಲೆ) ಕೂಡ ಬೇರೆ ಬೇರೆ ವಾಲ್ಯೂಮ್‌ಗಳಲ್ಲಿದ್ದರೆ, ಬರೆದ ಕ್ರಮದಲ್ಲೇ ಅವು ಆಚೆ ತಲುಪುವಂತೆ ಒಂದೇ ಕನ್ಸಿಸ್ಟೆನ್ಸಿ ಗ್ರೂಪ್‌ನಲ್ಲಿ ಸೇರಿಸಿ. ಇಲ್ಲವಾದರೆ ಹೈದರಾಬಾದ್‌ನಲ್ಲಿ ದತ್ತಾಂಶವೇನೋ ಇರುತ್ತದೆ, ಡೇಟಾಬೇಸ್ ಮೇಲೇಳದೆ ಹೋಗಬಹುದು.

ಇನ್ನು ಬ್ಯಾಕಪ್. ಕಾರ್ಬನ್ ಹಾಳೆ ಇಟ್ಟು ಬರೆಯುವಾಗ ತಪ್ಪು ಅಂಕಿ ಕೆಳಗಿನ ಪುಟದಲ್ಲಿಯೂ ಮೂಡುವಂತೆ, ಯಾರೋ ಅಳಿಸಿದ ಕೋಷ್ಟಕ, ರಾನ್ಸಮ್‌ವೇರ್ ಬೀಗ ಹಾಕಿದ ಕಡತ, ಎಲ್ಲವೂ ಪ್ರತಿಯಲ್ಲಿ ಹಾಗೆಯೇ ಇಳಿಯುತ್ತವೆ. ಸಿಂಕ್ರೊನಸ್ ಆದರೆ ಮರುಕ್ಷಣದಲ್ಲೇ. ನಿನ್ನೆಯ ಸ್ಥಿತಿಗೆ ಮರಳಲು ನಿನ್ನೆಯ ಪ್ರತಿ ಬೇಕು. ಅದು ಬೇರೆ ಪಾಸ್‌ವರ್ಡ್‌ನ ಅಡಿಯಲ್ಲಿ, ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಇರಬೇಕು.

ಪ್ರಶ್ನೆ: ನಡುವಿನ ಕೇಬಲ್ ತುಂಡಾದರೆ?

ಉತ್ತರ: ರಸ್ತೆ ಅಗೆತದ ಈ ಊರಿನಲ್ಲಿ ಇದನ್ನು ಮೊದಲೇ ಕೇಳಬೇಕು. ಎರಡು ಕಂಪನಿಗಳಿಂದ ಲಿಂಕ್ ಪಡೆದರೆ ಸಾಲದು. ಎರಡೂ ನೆಲದಡಿಯ ಒಂದೇ ಕೇಬಲ್ ಕೊಳವೆಯಲ್ಲಿ (ಡಕ್ಟ್) ಸಾಗುತ್ತಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಮಾರ್ಗದ ನಕ್ಷೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಲಿಂಕ್ ಕಡಿದಾಗ ಎರಡೂ ತಾಣಗಳು ‘ಇನ್ನೊಂದು ಸತ್ತಿದೆ’ ಎಂದು ಭಾವಿಸಿ ತಾವೇ ವ್ಯವಹಾರ ಸ್ವೀಕರಿಸತೊಡಗಿದರೆ, ಒಂದೇ ಖಾತೆಗೆ ಎರಡು ಬೇರೆ ಬೇರೆ ಶಿಲ್ಕುಗಳು ಹುಟ್ಟಿಕೊಳ್ಳುತ್ತವೆ. ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಬಿಡಿಸುವುದು ಬಹಳ ಕಷ್ಟ. ಇದನ್ನು ತಡೆಯಲು ಯಾವ ತಾಣ ಮುಂದುವರಿಯಬೇಕೆಂದು ತೀರ್ಮಾನಿಸುವ ವಿಟ್ನೆಸ್ ಸರ್ವರ್ ಮೂರನೆಯ ಜಾಗದಲ್ಲಿ ಇರಬೇಕು. ನಿಮ್ಮ ಜಯನಗರದ ಕಚೇರಿಯಿಂದ ಎರಡೂ ತಾಣಗಳಿಗೆ ಪ್ರತ್ಯೇಕ ಸಂಪರ್ಕವಿದ್ದರೆ ಅಲ್ಲಿಯೇ ಇಡಬಹುದು. ಲಿಂಕ್ ಇಲ್ಲದ ಹೊತ್ತಿನಲ್ಲಿ ಮುಖ್ಯ ತಾಣ ಒಂಟಿಯಾಗಿ ಬರೆಯುತ್ತಾ ಹೋಗುವಂತೆ ಹೊಂದಿಸಿದ್ದರೆ, ಅಷ್ಟು ಹೊತ್ತು ‘ಒಂದು ವ್ಯವಹಾರವೂ ಕಳೆದುಹೋಗದು’ ಎಂಬ ಭರವಸೆ ಇರುವುದಿಲ್ಲವೆಂಬುದನ್ನೂ ಮಂಡಳಿಗೆ ತಿಳಿಸಿ.

ಪ್ರಶ್ನೆ: ದುಬಾರಿ ಸ್ಟೋರೇಜ್ ಕೊಳ್ಳದೆ ಇದು ಸಾಧ್ಯವೇ? ತಾಲೀಮು ಬೇಕೇ?

ಉತ್ತರ: ಸಾಧ್ಯ. ಲಿನಕ್ಸ್‌ನ ಡಿಆರ್‌ಬಿಡಿ ಸಾಮಾನ್ಯ ಸರ್ವರ್‌ಗಳ ಡಿಸ್ಕ್‌ಗಳ ನಡುವೆಯೇ ಪ್ರತಿಕೃತಿ ಮಾಡುತ್ತದೆ. ಅದರ ಪ್ರೋಟೊಕಾಲ್ ಸಿ ಸಿಂಕ್ರೊನಸ್, ಪ್ರೋಟೊಕಾಲ್ ಎ ಅಸಿಂಕ್ರೊನಸ್. ಅದನ್ನು ಬಲ್ಲ ಸಿಬ್ಬಂದಿ ನಿಮ್ಮಲ್ಲಿದ್ದರೆ ಮಾತ್ರ ಆರಿಸಿಕೊಳ್ಳಿ.

ತಾಲೀಮು ಬೇಕೇ ಬೇಕು. ರಜೆಯ ದಿನ ಅರ್ಧ ಗಂಟೆ ಹೈದರಾಬಾದ್‌ನ ಸರ್ವರ್ ಎಬ್ಬಿಸಿ ನೋಡಿದರೆ ಸಾಲದು; ಒಂದು ಪೂರ್ಣ ಕೆಲಸದ ದಿನ ಶಾಖೆಗಳೆಲ್ಲ ಅಲ್ಲಿಂದಲೇ ನಡೆಯಬೇಕು. ಡಿಎನ್‌ಎಸ್ (ಸರ್ವರ್ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ), ಎಸ್‌ಎಂಎಸ್ ಸೇವೆ, ಲೈಸೆನ್ಸ್ ಕೀ ಮುಂತಾದವುಗಳಲ್ಲಿ ಯಾವುದು ವೈಟ್‌ಫೀಲ್ಡ್‌ಗೆ ಕಟ್ಟುಬಿದ್ದಿದೆ ಎಂಬುದು ಆಗಲೇ ತಿಳಿಯುವುದು. ಸಂಜೆ ಹೈದರಾಬಾದ್‌ನಲ್ಲಿ ಬರೆದದ್ದನ್ನು ವೈಟ್‌ಫೀಲ್ಡ್‌ಗೆ ಹಿಮ್ಮುಖವಾಗಿ ಪ್ರತಿಕೃತಿ ಮಾಡಿ, ಖಾತೆಗಳ ಮೊತ್ತ ತಾಳೆಯಾದ ಮೇಲೆ ಮರಳಿ ಬನ್ನಿ. ಈ ಮರಳುವ ದಾರಿಯ ಹೆಜ್ಜೆಗಳನ್ನೂ ಹೋಗುವ ದಾರಿಯಷ್ಟೇ ವಿವರವಾಗಿ ಮೊದಲೇ ಬರೆದಿಟ್ಟುಕೊಂಡಿರಿ.