ಹೇಳಿದ್ದನ್ನು ಮಾಡುವವರಿಗೆ ಸಂಶೋಧನೆ ಏಕೆ?

ದಾವಣಗೆರೆಯಿಂದ ತಂದೆಯೊಬ್ಬರು ಬರೆದ ಪತ್ರದ ಸಾರ ಇದು: ‘ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎದೆರೋಗದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಈಗ ಎಂ.ಎಸ್ಸಿ. ಸೇರಿ ಶ್ವಾಸಕೋಶದ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಾಯಿಲೆ ಕಂಡುಹಿಡಿಯುವವರು, ಔಷಧ ಬರೆಯುವವರು ವೈದ್ಯರು. ಹೇಳಿದ್ದನ್ನು ಮಾಡುವ ನರ್ಸ್‌ಗೆ ಸಂಶೋಧನೆಯಲ್ಲಿ ಏನು ಕೆಲಸ? ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ.’

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮಗಳ ಪಕ್ಷ ವಹಿಸಿ ಮಾತನಾಡಲು ಅನುಮತಿ ಕೊಡಿ. ‘ಹೇಳಿದ್ದನ್ನು ಮಾಡುವ ನರ್ಸ್’ ಎಂಬ ಮಾತು ನಿಮ್ಮೊಬ್ಬರದಲ್ಲ, ಊರಿಗೆ ಊರೇ ಹಾಗೆ ಹೇಳುತ್ತದೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಕೋವಿಡ್ ಕಾಲದಲ್ಲಿ ರೋಗಿಗಳನ್ನು ಬೋರಲಾಗಿ ಮಲಗಿಸುತ್ತಿದ್ದುದು ನಿಮಗೆ ನೆನಪಿರಬಹುದು. ಅದಕ್ಕೆ ಬಲವಾದ ಆಧಾರ ಸಿಕ್ಕಿದ್ದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ. ಶ್ವಾಸಕೋಶ ತೀರಾ ಹದಗೆಟ್ಟು ವೆಂಟಿಲೇಟರ್ ಮೇಲಿದ್ದ 466 ಮಂದಿ ಅದರಲ್ಲಿದ್ದರು. ನಡೆದದ್ದು ಫ್ರಾನ್ಸ್ ಮತ್ತು ಸ್ಪೇನ್‌ನ ಐಸಿಯುಗಳಲ್ಲಿ. ಅಂಗಾತ ಮಲಗಿದ್ದವರಲ್ಲಿ 28 ದಿನಗಳೊಳಗೆ ಶೇ. 32.8ರಷ್ಟು ಜನ ತೀರಿಕೊಂಡರು. ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ ಆ ಪ್ರಮಾಣ ಶೇ. 16ಕ್ಕೆ ಇಳಿಯಿತು. ಹೊಸ ಮಾತ್ರೆಯಿಲ್ಲ, ಹೊಸ ಯಂತ್ರವಿಲ್ಲ. ಮಗ್ಗುಲು ಬದಲಾಯಿತು, ಅಷ್ಟೇ.

ಆ ‘ಅಷ್ಟೇ’ ಎಂಥದ್ದು ಎಂದು ಮಗಳನ್ನೇ ಕೇಳಿ. ಮೈಮೇಲೆ ಎಚ್ಚರವಿಲ್ಲದ ರೋಗಿ, ಗಂಟಲಲ್ಲಿ ಉಸಿರಿನ ನಳಿಕೆ, ಕುತ್ತಿಗೆಯಲ್ಲೋ ತೋಳಿನಲ್ಲೋ ಔಷಧದ ಕೊಳವೆ. ಒಬ್ಬರು ತಲೆಯ ಬಳಿ ನಿಂತು ನಳಿಕೆಯನ್ನು ಭದ್ರವಾಗಿ ಹಿಡಿದು ಲೆಕ್ಕ ಹೇಳುತ್ತಾರೆ. ಉಳಿದವರು ಎರಡೂ ಬದಿಯಿಂದ ಒಂದೇ ಉಸಿರಿಗೆ ಹೊರಳಿಸಬೇಕು. ನಳಿಕೆ ಜಾರಿದರೆ ಜೀವವೇ ಹೋದೀತು. ಹೊರಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ: ಕಣ್ಣು ಒತ್ತದಂತೆ, ಕೆನ್ನೆ, ಗಲ್ಲ, ಮಂಡಿಗಳ ಚರ್ಮ ಹುಣ್ಣಾಗದಂತೆ ದಿಂಬು ಇಡಬೇಕು, ಆಗಾಗ ತಲೆಯನ್ನು ಬೇರೆ ಬದಿಗೆ ತಿರುಗಿಸಬೇಕು, ಬಾಯಿಯ ಜೊಲ್ಲು ತೆಗೆಯಬೇಕು. 2013ಕ್ಕೂ ಮೊದಲಿನ ಪ್ರಯೋಗಗಳಲ್ಲಿ ಇಷ್ಟು ಸ್ಪಷ್ಟ ಲಾಭ ಕಂಡಿರಲಿಲ್ಲ. ಈ ಬಾರಿ ಹೆಚ್ಚು ಹೊತ್ತು ಬೋರಲು ಮಲಗಿಸಿದರು, ಜೊತೆಗೆ ಈ ಕೆಲಸದಲ್ಲಿ ಐದು ವರ್ಷಕ್ಕೂ ಮೀರಿ ಪಳಗಿದ ಐಸಿಯುಗಳನ್ನೇ ಆರಿಸಿಕೊಂಡರು. ಪಳಗಿದ ಕೈಗಳಿಲ್ಲದಿದ್ದರೆ ಆ ಪ್ರಯೋಗವನ್ನು ನಡೆಸುವುದೇ ಕಷ್ಟವಿತ್ತು. ಆ ಕೈಗಳಲ್ಲಿ ಹೆಚ್ಚಿನವು ಯಾರವು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

1997ರಲ್ಲಿ ಅಮೆರಿಕದಿಂದ ಇನ್ನೊಂದು ಅಧ್ಯಯನ ಬಂತು. ವೆಂಟಿಲೇಟರ್‌ನಿಂದ ರೋಗಿಯನ್ನು ಯಾವಾಗ ಬಿಡಿಸಬೇಕು ಎಂಬ ನಿರ್ಧಾರವನ್ನು ಒಂದು ಗುಂಪಿನಲ್ಲಿ ವೈದ್ಯರಿಗೆ ಬಿಟ್ಟರು. ಇನ್ನೊಂದರಲ್ಲಿ, ಮೊದಲೇ ಬರೆದಿಟ್ಟ ನಿಯಮಾವಳಿಯ ಪ್ರಕಾರ ನರ್ಸ್‌ಗಳು ಮತ್ತು ಉಸಿರಾಟ ಚಿಕಿತ್ಸಕರೇ ಅದನ್ನು ನಡೆಸಿಕೊಂಡು ಹೋದರು. ಒಟ್ಟು 357 ರೋಗಿಗಳು. ಯಂತ್ರದ ಮೇಲೆ ಕಳೆದ ಅವಧಿಯ ಮಧ್ಯಾಂಕ (ಅರ್ಧ ಮಂದಿ ಅದಕ್ಕಿಂತ ಕಡಿಮೆ, ಅರ್ಧ ಮಂದಿ ಹೆಚ್ಚು ಹೊತ್ತು ಕಳೆದ ನಡುವಿನ ಅಂಕಿ) ವೈದ್ಯರ ಗುಂಪಿನಲ್ಲಿ 44 ಗಂಟೆ, ನರ್ಸ್‌ಗಳ ಗುಂಪಿನಲ್ಲಿ 35. ಇದರಲ್ಲಿ ವೈದ್ಯರಿಗೆ ಅವಮಾನವೇನೂ ಇಲ್ಲ. ವೈದ್ಯರು ರೌಂಡ್ಸ್‌ಗೆ ಬರುವ ಹೊತ್ತಿಗೆ ರೋಗಿ ಸಿದ್ಧನಾಗಿರಬೇಕೆಂಬ ನಿಯಮವನ್ನು ಶ್ವಾಸಕೋಶ ಪಾಲಿಸುವುದಿಲ್ಲ. ನಡುರಾತ್ರಿ ಮೂರಕ್ಕೆ ಅವನ ಉಸಿರು ತಾನೇ ಹದಕ್ಕೆ ಬಂದರೆ ಅದನ್ನು ಕಾಣುವವರು ಮಗ್ಗುಲಲ್ಲಿದ್ದವರು ಮಾತ್ರ.

ಹೊರದೇಶದ ಮಾತು ಬೇಡ ಎನ್ನುತ್ತೀರಾದರೆ ಮದ್ರಾಸಿಗೆ ಬನ್ನಿ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾದಾಗ, ಕ್ಷಯ ಬಂದರೆ ಸ್ಯಾನಟೋರಿಯಮ್ಮೇ (ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆ) ಗತಿ ಎಂಬ ನಂಬಿಕೆಯಿತ್ತು. ಹಾಸಿಗೆಗಳೋ, ರೋಗಿಗಳ ಸಂಖ್ಯೆಯ ಮುಂದೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಆ ಕೇಂದ್ರ ಅರ್ಧದಷ್ಟು ರೋಗಿಗಳನ್ನು ಸ್ಯಾನಟೋರಿಯಮ್ಮಿಗೆ ಕಳಿಸಿ, ಉಳಿದವರಿಗೆ ಮನೆಯಲ್ಲೇ ಅದೇ ಮಾತ್ರೆ ಕೊಟ್ಟಿತು. ಮನೆ ಎಂದರೆ ಕಿಕ್ಕಿರಿದ ಬಡವರ ಮನೆ, ಊಟವೂ ಅಷ್ಟಕ್ಕಷ್ಟೇ. ಒಂದು ವರ್ಷದ ಕೊನೆಗೆ ಸ್ಯಾನಟೋರಿಯಮ್ಮಿನಲ್ಲಿ ಶೇ. 92, ಮನೆಯಲ್ಲಿ ಶೇ. 86ರಷ್ಟು ಮಂದಿಯಲ್ಲಿ ರೋಗ ಹತೋಟಿಗೆ ಬಂದಿತ್ತು. ಮನೆಯವರಿಗೆ ಸೋಂಕಿನ ಅಪಾಯ ಹೆಚ್ಚಿದ್ದೂ ಕಂಡುಬರಲಿಲ್ಲ. ಲೋಕವೇ ಸ್ಯಾನಟೋರಿಯಮ್ ಬಿಟ್ಟು ಮನೆಚಿಕಿತ್ಸೆಯತ್ತ ತಿರುಗಲು ಇದು ದೊಡ್ಡ ಕಾರಣವಾಯಿತು.

ಈ ಅಂಕಿಗಳನ್ನು ನಂಬಬಹುದು ಎನ್ನುವುದಾದರೂ ಹೇಗೆ? ರೋಗಿ ಮಾತ್ರೆ ನುಂಗುತ್ತಿದ್ದಾನೋ ಬಿಸಾಡುತ್ತಿದ್ದಾನೋ ಯಾರಿಗೆ ಗೊತ್ತು? ಆರೋಗ್ಯ ಸಂದರ್ಶಕಿಯರಿಗೆ ಗೊತ್ತಿತ್ತು. ಅವರು ಹೇಳದೆ ಕೇಳದೆ ಮನೆಗೆ ಹೋಗಿ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರದ ಮಾದರಿ ತಂದು ಪರೀಕ್ಷೆಗೆ ಕೊಡುತ್ತಿದ್ದರು. ಇದೇ ಸಂಶೋಧನೆಯ ಬೆನ್ನೆಲುಬು ಎಂದು ನಾನು ತಿಳಿದಿದ್ದೇನೆ. ಹಾಗಿದ್ದೂ ಇಂಥ ಅಧ್ಯಯನಗಳ ಕಥೆ ಹೇಳುವಾಗ ಮಾತ್ರೆ ಎಣಿಸಿದವರ ಹೆಸರು ಬರುವುದು ಅಪರೂಪ. ಅದು ನನಗೆ ನುಂಗಲಾರದ ತುತ್ತು.

ಇನ್ನು ದಿನನಿತ್ಯದ ಮಾತು. ಉಬ್ಬಸದವರ ಕೈಗೆ ಇನ್‌ಹೇಲರ್ ಕೊಟ್ಟು ಕಳಿಸುತ್ತೇವೆ. ಎಷ್ಟೋ ಮಂದಿ ಡಬ್ಬಿಯನ್ನು ಅಲುಗಾಡಿಸುವುದಿಲ್ಲ, ಮೊದಲು ಉಸಿರು ಹೊರಬಿಡುವುದಿಲ್ಲ, ಒತ್ತಿದ ಮೇಲೆ ಎಳೆದುಕೊಳ್ಳುತ್ತಾರೆ, ಎಳೆದುಕೊಂಡದ್ದನ್ನು ಹತ್ತು ಸೆಕೆಂಡ್ ಹಿಡಿದಿಡುವುದಿಲ್ಲ. ಔಷಧ ಬಾಯಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ತಲುಪುವುದಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರು ‘ಗುಣ ಕಾಣುತ್ತಿಲ್ಲ’ ಎಂದು ಡೋಸ್ ಏರಿಸುತ್ತಾರೆ. ನರ್ಸ್ ಒಬ್ಬಳು ಎದುರಿಗೆ ಕೂತು ‘ಅಜ್ಜಿ, ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಮಾಡಿ ತೋರಿಸಿ’ ಎಂದರೆ ತಪ್ಪು ಆ ಕ್ಷಣವೇ ಕಾಣುತ್ತದೆ. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಹಾಕಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಸ್ಟೆರಾಯ್ಡ್ ಇರುವ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಲು ಹೇಳಬೇಕು. ಒಮ್ಮೆ ಕಲಿಸಿದರೆ ಎಷ್ಟು ತಿಂಗಳು ನೆನಪಿರುತ್ತದೆ? ಓದು ಬಾರದವರಿಗೆ ಕಲಿಸುವ ಬಗೆ ಯಾವುದು? ಚಿತ್ರವೋ, ಮೊಬೈಲ್ ವಿಡಿಯೊವೋ, ಮೊಮ್ಮಗಳಿಗೆ ಕಲಿಸಿ ಅವಳಿಂದ ಅಜ್ಜಿಗೆ ಹೇಳಿಸುವುದೋ? ಇವೆಲ್ಲ ಅಳೆದು ತೂಗಿ ಉತ್ತರ ಹುಡುಕಬೇಕಾದ ಪ್ರಶ್ನೆಗಳು. ಇವನ್ನು ಕೇಳಲು ನಿಮ್ಮ ಮಗಳಿಗಿಂತ ಅರ್ಹರು ಯಾರು?

ನಿಮ್ಮ ಊರನ್ನೇ ನೋಡಿ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಹತ್ತಿಯ ಧೂಳಿನಿಂದ ಬರುವ ಎದೆಬಿಗಿತಕ್ಕೆ ಒಂದು ಲಕ್ಷಣವಿದೆ: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಅದು ಹೆಚ್ಚು ಕಾಡುತ್ತದೆ. ‘ದಮ್ಮು ಯಾವ ದಿನ ಜಾಸ್ತಿ?’ ಎಂದು ಕೇಳದೆ ಇದು ಹೊರಬೀಳುವುದಿಲ್ಲ. ಗಿರಣಿಗಳು ಬಹುಪಾಲು ಮುಚ್ಚಿದವು, ಆದರೆ ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ಇದೆ, ಆ ಹೊಗೆಯಲ್ಲಿ ದುಡಿಯುವ ಹೆಂಗಸರು ಗಂಡಸರು ಇದ್ದಾರೆ. ಅವರ ಕೆಮ್ಮನ್ನು ಕೂತು ಕೇಳಿ ಬರೆದುಕೊಳ್ಳುವವರು ಬೇಕು.

ಹೆತ್ತವರಾಗಿ ನೀವು ಆತಂಕಪಡಬೇಕಾದ ವಿಷಯ ಬೇರೆಯೇ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಶೇ. 7.8ರಷ್ಟು ಮಂದಿಗೆ ಕ್ಷಯದ ಸೋಂಕು ತಗಲುವ ಅಂದಾಜು ಸಿಕ್ಕಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಹಲವು ಪಟ್ಟು. ಸೋಂಕು ಎಂದರೆ ರೋಗವಲ್ಲ, ನಿಜ; ಆದರೂ ಇದು ಸಣ್ಣ ವಿಷಯವಲ್ಲ. ವಾರ್ಡಿನ ಕಿಟಕಿಗಳು ತೆರೆದಿರುತ್ತವೆಯೇ, ಅಳತೆಗೆ ಸರಿಹೊಂದುವ ಎನ್95 ಮಾಸ್ಕ್ ಕೊಡುತ್ತಾರೆಯೇ ಎಂದು ಮಗಳನ್ನು ಕೇಳಿ. ಕೊಡದಿದ್ದರೆ ಜಗಳವಾಡಲು ಅವಳ ಜೊತೆ ನಿಲ್ಲಿ.

ಓದಿನ ದಾರಿ ಮುಚ್ಚಿಲ್ಲ. ನರ್ಸಿಂಗ್‌ನಲ್ಲಿ ಪಿಎಚ್.ಡಿ. ಮಾಡಿಸಲು ಭಾರತೀಯ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಸೇರಿ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದೆ. ಮೊದಲು ಎಂ.ಎಸ್ಸಿ. ಆಗಲಿ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಮಾರ್ಗದರ್ಶಕರು ವಾರಕ್ಕೆ ಎಷ್ಟು ದಿನ ವಾರ್ಡಿಗೆ ಹೋಗುತ್ತಾರೆ, ವಿದ್ಯಾರ್ಥಿನಿ ಕಲೆಹಾಕಿದ ಮಾಹಿತಿಯಿಂದ ಪ್ರಬಂಧ ಪ್ರಕಟವಾದರೆ ಅದರ ಮೇಲೆ ಅವಳ ಹೆಸರು ಇರುತ್ತದೆಯೇ ಎಂದು ನೇರವಾಗಿ ಕೇಳಿ, ಉತ್ತರ ಸಿಕ್ಕ ಮೇಲೆ ಶುಲ್ಕ ಕಟ್ಟಿ.