ದೊಡ್ಡ ಡಿಸೈನರ್‌ಗಳು ಒಂದೇ ಲೋಗೋ ತೋರಿಸಿ ಒಪ್ಪಿಸುವುದು ಹೇಗೆ?

ಅವರು ಲೋಗೋ ಜೊತೆ ಅದರ ಕಾರಣವನ್ನೂ ಕೊಡುತ್ತಾರೆ, ಅದಕ್ಕೇ. ಐದಾರು ಮುಂದಿಟ್ಟರೆ ಗ್ರಾಹಕರು ಸೀರೆ ಆರಿಸಿದ ಹಾಗೆ ಆರಿಸುತ್ತಾರೆ, ಇದರ ಬಣ್ಣ ಅದಕ್ಕೆ ಹಾಕಿ ಅಂತಾರೆ. ಕಾರಣ ಹೇಳಿ ಒಂದನ್ನೇ ಇಟ್ಟರೆ, ಅಂಗಡಿಗೆ ಏನು ಬೇಕು ಅನ್ನುವುದರ ಮೇಲೆ ಮಾತು ನಡೆಯುತ್ತದೆ.

ಅಮೆರಿಕದ ಡಿಸೈನರ್ ಪಾಲ್ ರ‍್ಯಾಂಡ್ 1986ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ (NeXT) ಎಂಬ ಕಂಪ್ಯೂಟರ್ ಕಂಪನಿಗೆ ಲೋಗೋ ಮಾಡಿದರು. ಸಂಭಾವನೆ 1 ಲಕ್ಷ ಡಾಲರ್. ಕೊಟ್ಟದ್ದು ಒಂದೇ ವಿನ್ಯಾಸ, ಜೊತೆಗೊಂದು ಪುಸ್ತಿಕೆ: ಕಪ್ಪು ಪೆಟ್ಟಿಗೆ ಯಾಕೆ, ಅದು ಓರೆ ಯಾಕೆ, ನಾಲ್ಕು ಅಕ್ಷರಗಳಲ್ಲಿ 'ಇ' ಮಾತ್ರ ಯಾಕೆ ಸಣ್ಣಕ್ಷರ, ಎಲ್ಲವನ್ನೂ ಹಂತಹಂತವಾಗಿ ಅದರಲ್ಲಿ ಬಿಡಿಸಿ ತೋರಿಸಿದ್ದರು. ನನಗೆ ಆ ಪುಸ್ತಿಕೆ ಲೋಗೋಗಿಂತ ಜಾಸ್ತಿ ಇಷ್ಟ.

ನೀವು ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡು ಮಾಡುತ್ತೀರಿ ಅಂದುಕೊಳ್ಳಿ. ಅಲ್ಲೂ ಇದೇ ನಡೆಯುತ್ತದೆ. 'ಹುಬ್ಬಳ್ಳಿ' ಅಂತ ಬರೆದು ನೋಡಿ, ಎರಡು ಒತ್ತು ಸಾಲಿನ ಕೆಳಗೆ ಇಳಿಯುತ್ತವೆ ಅಲ್ವಾ? ಇಂಗ್ಲಿಷ್ ಅಕ್ಷರಗಳ ಅಳತೆಯಲ್ಲಿ ಸಾಲು ಕೂರಿಸಿದರೆ ಆ ಒತ್ತುಗಳು ಕೆಳಗಿನ ಫೋನ್ ನಂಬರಿಗೆ ತಾಗುತ್ತವೆ, ರಸ್ತೆಯ ಆಚೆಯಿಂದ ಹೆಸರೂ ಓದಲಾಗದು, ನಂಬರೂ ಓದಲಾಗದು. ಸಾಲಿನ ನಡುವೆ ಜಾಗ ಬಿಟ್ಟದ್ದು ಇದಕ್ಕೇ ಅಂತ ಹೇಳಿ. ಸುಮ್ನೆ ಮೊಬೈಲಿನಲ್ಲಿ ಕಳಿಸಬೇಡಿ. ಜಾಗ ಬಿಟ್ಟದ್ದು, ಬಿಡದ್ದು, ಎರಡೂ ಬಗೆಯ ಪ್ರಿಂಟ್ ತೆಗೆದು ಎದುರು ಗೋಡೆಗೆ ಅಂಟಿಸಿ, ಮಾಲೀಕರನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಓದಿಸಿ.